ಕೈರೋದಿಂದ ನೈರೋಬಿಗೆ ನಾಲ್ಕು ಬೆರಳು

ನನ್ನ ಗಂಡ ತನ್ನ ಅಣ್ಣನ ಮಣ್ಣಿಗೆ ಹೋಗಲಿಲ್ಲ. ಹೋಗದಿರಲು ಕಾರಣ ದೂರ. ಅಣ್ಣ ಸತ್ತದ್ದು ನೈರೋಬಿಯಲ್ಲಿ, ತಮ್ಮ ಇದ್ದದ್ದು ಕೈರೋದಲ್ಲಿ. ಎರಡೂ ಆಫ್ರಿಕಾದ ಊರುಗಳೇ, ಆದರೆ ನಡುವೆ ಎರಡು ಸಾವಿರ ಮೈಲಿಗೂ ಹೆಚ್ಚು ನೆಲ ಬಿದ್ದಿದೆ. ಇದು ನಮ್ಮ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಗೊತ್ತಿದ್ದವನು ಬಾಯಿ ಬಿಡಲಿಲ್ಲ. ಉಳಿದವರಿಗೆ ಗೊತ್ತು ಮಾಡಿಕೊಳ್ಳುವುದು ಬೇಕಾಗಿರಲಿಲ್ಲ. ನಡೆದದ್ದು ಇಷ್ಟೇ, ಇದಕ್ಕಿಂತ ಹೆಚ್ಚು ಯಾರಾದರೂ ಹೇಳಿದರೆ ಸುಳ್ಳು ಹೇಳುತ್ತಾರೆ ಎಂದು ತಿಳಿಯಿರಿ.

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಬರೆಯುತ್ತೀ ಎಂದು ಕೇಳಿದರೆ, ಮೊನ್ನೆ ಮಣ್ಣಿಗೆಂದು ಹೋದ ಒಂದು ಮನೆಯಲ್ಲಿ ನಮ್ಮ ಬಳಗದ ಒಬ್ಬಳು ನನ್ನ ಎದುರಿಗೇ ಅಂದಳು, 'ನಿಮ್ಮೋರು ಒಡಹುಟ್ಟಿದ ಅಣ್ಣನ ಮಣ್ಣಿಗೇ ಹೋಗಿರಲಿಲ್ಲಂತಲ್ರಿ' ಎಂದು. ಅವಳು ಆಗ ಹುಟ್ಟಿಯೂ ಇರಲಿಲ್ಲ. ನನ್ನ ಗಂಡ ತೀರಿಹೋದರು, ಆ ಮಾತು ಇನ್ನೂ ತೀರಿಲ್ಲ. ನಾನು ಬ್ಯಾಡಗಿಯ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಂಗತಿಯಲ್ಲಿ ತಪ್ಪಿಲ್ಲ.

ನಮ್ಮಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತೇವೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅದಕ್ಕೇ 'ಮಣ್ಣಿಗೆ ಹೋಗುವುದು' ಎನ್ನುತ್ತೇವೆ. ಮದುವೆಗೆ ಬರದವರನ್ನು ಜನ ಎರಡು ದಿನ ಬೈದು ಬಿಡುತ್ತಾರೆ. ಮಣ್ಣಿಗೆ ಬರದವರನ್ನು ಬಿಡುವುದಿಲ್ಲ. ಯಾರಾದರೂ ಸತ್ತರೆ ಸುತ್ತಲಿನ ಹಳ್ಳಿಗಳಿಗೆ ಆಳು ಓಡಿಸಿ, ಹೆಣವನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ಗಾಡಿಗಳು ಬರುವವರೆಗೆ ಕಾಯುತ್ತಿದ್ದರು. ಗಾಡಿ ಮುಟ್ಟುವ ಊರಿನವರು ಬರಲೇಬೇಕು. ನೆವ ಹೇಳುವಂತಿಲ್ಲ.

ಆ ಗಾಡಿಗಳ ಕಸಬೇ ನನ್ನ ಮಾವನವರದು. ಹಾವೇರಿಯ ನಮ್ಮ ಮನೆಯ ಮುಂದೆ ಬಾಡಿಗೆ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಬ್ಯಾಡಗಿಯಿಂದ ಮೆಣಸಿನಕಾಯಿ, ರಾಣೇಬೆನ್ನೂರಿನಿಂದ ಹತ್ತಿ, ಹಳ್ಳಿಗಳಿಂದ ಜೋಳ ಹೇರಿಕೊಂಡು ಬರುವುದು. ಯಾವ ದಾರಿಯಲ್ಲಿ ಎಲ್ಲಿ ಮರಳು ಇದೆ, ಎಲ್ಲಿ ಏರು ಇದೆ, ಮೋಟೆಬೆನ್ನೂರಿನ ಹತ್ತಿರ ಯಾವ ಮರದ ಕೆಳಗೆ ಎತ್ತು ಬಿಚ್ಚಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ದೂರದ ಮಾತು ಬಂದರೆ ಊರವರೆಲ್ಲ ಅವರನ್ನೇ ಕೇಳುತ್ತಿದ್ದರು. ಕೇಳಿ ಕೇಳಿಯೇ ಕೆಡಿಸಿದರು. ಜಗತ್ತಿನಲ್ಲಿ ತಮಗೆ ಗೊತ್ತಿಲ್ಲದ ದೂರವೇ ಇಲ್ಲ ಎಂದು ಅವರಿಗೆ ಅನಿಸಿಬಿಟ್ಟಿತ್ತು.

ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವರು, ನನ್ನ ಭಾವ, ಹುಬ್ಬಳ್ಳಿಯ ರೈಲು ಕಾರಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತವರು. ಆಫ್ರಿಕಾದಲ್ಲಿ ರೈಲಿನ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಯಾರೋ ಬಂದು ಹೇಳಿದರು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬೇಡ ಎಂದು ಅತ್ತಳು. ರಾಣೇಬೆನ್ನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವಳ ತಂದೆ ಎರಡು ಸಲ ಬಂದು ಬೇಡ ಎಂದು ಹೇಳಿಹೋದರು. ಮಾವನವರು ಕೇಳಲಿಲ್ಲ. ತಾವೇ ರೈಲಿನಲ್ಲಿ ಮುಂಬಯಿಗೆ ಹೋಗಿ, ಮಗನನ್ನು ಹಡಗು ಹತ್ತಿಸಿ ಬಂದರು. ಬಂದ ಮೇಲೆ ಒಂದು ವರ್ಷ ಊರಿಗೆಲ್ಲ ಮುಂಬಯಿ ಕತೆ ಹೇಳಿದರು. ಆಗ ಇನ್ನೂ ಯುದ್ಧ ಶುರುವಾಗಿರಲಿಲ್ಲ.

ನನ್ನ ಗಂಡ ಕಿರಿಯವರು. ಲಾರಿ ಓಡಿಸುತ್ತಿದ್ದರು. ಯುದ್ಧ ಬಂದು ಸೈನ್ಯಕ್ಕೆ ಲಾರಿ ಓಡಿಸುವವರು ಬೇಕಾದಾಗ ಹೋದರು. ಹೋಗುವ ಮುಂಚೆ ಮನೆಯ ಹಿಂದೆ ನಮಗೆಂದು ಒಂದು ಕೋಣೆ ಕಟ್ಟಿದರು. ಕಲ್ಲು ಹೊತ್ತವರೂ ಅವರೇ, ಮಣ್ಣು ಕಲಸಿದವರೂ ಅವರೇ. ಅವರು ಅತ್ತ ಹೋದ ಮೇಲೆ ಮಾವನವರು ಆ ಕೋಣೆಯನ್ನು ಶಾಲೆಯ ಮಾಸ್ತರರಿಗೆ ಬಾಡಿಗೆಯಿಲ್ಲದೆ ಕೊಟ್ಟರು. ನಾನು ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಮಲಗುತ್ತಿದ್ದೆ. ಮಾಸ್ತರರು ನಮಗೆ ಬಂದ ಪತ್ರ ಓದಿ ಹೇಳುವುದು, ನಾವು ಹೇಳಿದ್ದನ್ನು ಬರೆದು ಕೊಡುವುದು, ಮಾವನವರ ಮಾತಿಗೆ ಹೂಂ ಎನ್ನುವುದು ಮಾಡುತ್ತಿದ್ದರು. ಕೆಟ್ಟ ಮನುಷ್ಯ ಎಂದು ಆಗ ನನಗೆ ಅನಿಸಿರಲಿಲ್ಲ.

ಹೀಗೆ ಒಬ್ಬ ಮಗ ನೈರೋಬಿ, ಒಬ್ಬ ಮಗ ಕೈರೋ. ನಮ್ಮ ಅತ್ತೆಗೆ ಆಫ್ರಿಕಾ ಎಂದರೆ ಒಂದು ಊರು, ಬಹಳವಾದರೆ ಒಂದು ತಾಲೂಕು. ಬಾವಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಹೇಳುತ್ತಿದ್ದರು. 'ಇಬ್ಬರೂ ಆಫ್ರಿಕಾದಾಗ ಅದಾರವ್ವ. ಒಬ್ಬಂಗ ನೆಗಡಿ ಬಂದ್ರ ಒಬ್ಬ ನೋಡಿಕೋತಾನ.' ನನ್ನ ಗಂಡ ಒಂದು ಸಲ ಪತ್ರದಲ್ಲಿ, ಇಲ್ಲಿ ದಿನಾಲೂ ತಲೆಯ ಮೇಲೆ ವಿಮಾನ ಹಾರುತ್ತವೆ ಎಂದು ಬರೆಸಿದ್ದರು. ಅದೂ ಬಾವಿಯ ಕಟ್ಟೆಗೆ ಹೋಯಿತು. ಅಲ್ಲಿಂದ ತಿರುಗಿ ಮನೆಗೆ ಬರುವಷ್ಟರಲ್ಲಿ ನನ್ನ ಗಂಡ ವಿಮಾನದಲ್ಲೇ ಓಡಾಡುವವರಾಗಿದ್ದರು.

ಮೆಣಸಿನಕಾಯಿ ಸುಗ್ಗಿಯಲ್ಲಿ ಭಾವ ಕಾಯಿಲೆ ಬಿದ್ದಿದ್ದಾರೆ, ದವಾಖಾನೆಯಲ್ಲಿದ್ದಾರೆ ಎಂದು ಪತ್ರ ಬಂತು. ಆ ಪತ್ರ ಎಂದು ಹೊರಟಿತ್ತೋ. ಅದರ ಹಿಂದೆಯೇ ತಾರು, ಎಂದರೆ ತಂತಿ ಸುದ್ದಿ, ಬಂತು. ಜ್ವರದಲ್ಲಿ ತೀರಿಕೊಂಡರು, ಕ್ರಿಯೆ ಮುಗಿಯಿತು ಎಂದಷ್ಟೇ ಇತ್ತು. ಹೂಳಿದರೋ ಸುಟ್ಟರೋ ಬರೆದಿರಲಿಲ್ಲ. ಹಿಡಿ ಮಣ್ಣು ಹಾಕಿದವರು ಪಂಜಾಬಿನವರೋ ಗುಜರಾತಿನವರೋ, ಹಾಕಿದರೋ ಇಲ್ಲವೋ, ಅದೂ ಗೊತ್ತಾಗಲಿಲ್ಲ. ಆ ತಾರು ಓದಿದಾಗ ಮಾವನವರು ಅಳಲಿಲ್ಲ. ಗಾಡಿಯ ನೊಗ ಹಿಡಿದುಕೊಂಡು ನಿಂತುಬಿಟ್ಟರು. ಅವರ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ದುಃಖವನ್ನು ಹೊರಲಾರದೆ ಯಾರ ತಲೆಯ ಮೇಲೆ ಇಳಿಸಿದರು ಎಂಬುದನ್ನು ಹೇಳುತ್ತೇನೆ.

ಮೂರನೆಯ ದಿನ ಸಂಜೆ ಮಾಸ್ತರರನ್ನು ಕರೆದರು. ಶಾಲೆಯ ಗೋಡೆಗೆ ತೂಗುಹಾಕಿದ್ದ ಧಾರವಾಡ ಜಿಲ್ಲೆಯ ದೊಡ್ಡ ನಕಾಶೆಯನ್ನೂ ಭೂಗೋಳದ ಪುಸ್ತಕವನ್ನೂ ತರಲು ಹೇಳಿದ್ದರು. ಮಾಸ್ತರರು ತಂದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ನಕಾಶೆಯನ್ನು ನೆಲದ ಮೇಲೆ ಬಿಚ್ಚಿದರು. ಮಾವನವರು ಹಾವೇರಿಯ ಮೇಲೆ ಹೆಬ್ಬೆರಳು ಊರಿ, ಕೈಯಗಲಿಸಿ, ರಾಣೇಬೆನ್ನೂರಿನ ಮೇಲೆ ಕಿರುಬೆರಳು ಇಟ್ಟರು. ಒಂದು ಗೇಣು ತುಂಬಿತು. ಆಮೇಲೆ ಪುಸ್ತಕ ತೆರೆಸಿದರು. ಒಂದು ಪುಟದಲ್ಲಿ ಇಡೀ ಆಫ್ರಿಕಾ. ಕೈರೋ ಎಲ್ಲಿ, ನೈರೋಬಿ ಎಲ್ಲಿ ಎಂದು ತೋರಿಸಿಕೊಂಡು, ನಡುವೆ ಬೆರಳು ಜೋಡಿಸಿ ಇಟ್ಟರು. ನಾಲ್ಕು ಬೆರಳು ಹಿಡಿಸಿತು.

'ನೋಡ್ರಿ ಮಾಸ್ತರ. ಇದು ಗೇಣ. ಇದು ನಾಕ ಬೆರಳ.'

'ಹೌದ್ರಿ ಯಜಮಾನ್ರ.'

'ನನ್ನ ಎತ್ತ ಮುಂಜಾನೆ ಹೂಡಿದ್ರ ಹೊತ್ತ ಮುಣಗೂದ್ರಾಗ ರಾಣೇಬೆನ್ನೂರ ಮುಟ್ಟತಾವ. ಗೇಣ ದೂರ. ಅವನ ಕೈಯಾಗ ಸರಕಾರದ ಲಾರಿ ಐತಿ. ನಾಕ ಬೆರಳ ದೂರದಾಗ ಅಣ್ಣ ತಿಂಗಳಗಟ್ಟಲೆ ಹಾಸಿಗಿ ಹಿಡದಾನ. ಇವಂಗ ಒಂದ ದಿನ ಹೋಗಿ ನೋಡಾಕ ಆಗಲಿಲ್ಲ?'

'ಅದ ಏನಂದ್ರ…'

'ಮ್ಯಾಲೆ ವಿಮಾನ ಬ್ಯಾರೆ ಹಾರತಾವಂತ. ವಿಮಾನದಾಗ ಎಷ್ಟ ಹೊತ್ತಿನ ಹಾದಿ ಅದು? ಎಲಿ ಅಡಿಕಿ ಹಾಕ್ಕೊಂಡು ಉಗಳೂದ್ರಾಗ ಮುಟ್ಟಂಗಿಲ್ಲೇನ?'

ಮಾಸ್ತರರು ಪುಸ್ತಕದ ಮೂಲೆ ತಿಕ್ಕಿದರು. 'ಅಳತಿ ಒಂದೀಟ…' ಎಂದರು.

'ಒಂದೀಟ ಏನ?'

ಮಾವನವರು ತಲೆಯೆತ್ತಿ ಅವರನ್ನು ನೋಡಿದರು.

'ಏನಿಲ್ರಿ ಯಜಮಾನ್ರ.'

ಆ 'ಏನಿಲ್ರಿ' ಇದೆಯಲ್ಲ, ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾವನವರು ಪುಸ್ತಕ ಮುಚ್ಚಿ, ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದರು. 'ಅಣ್ಣನ ಮಣ್ಣಿಗೆ ಹೋಗಲಾರದವ ನನ್ನ ಮಣ್ಣಿಗೂ ಬರೂದ ಬ್ಯಾಡ. ಅವನ ಹೇಣ್ತಿ ಕೈನೀರ ಈ ಮನ್ಯಾಗ ಯಾರೂ ಕುಡೀಬಾರದು. ಹಿರಿಯಂವನ ದಿನ ಆಗೂತನ ಇರ್ಲಿ, ಆಮ್ಯಾಲೆ ಬ್ಯಾಡಗೀಗೆ ಕಳಸ್ತೇನಿ. ಕೂಸಿನ್ನೂ ಕರಕೊಂಡ ಹೋಗ್ಲಿ.'

ಅತ್ತೆ ಎದ್ದು ಬಂದು, ಒಲೆಯ ಮುಂದೆ ನಾನು ತುಂಬಿಟ್ಟಿದ್ದ ಎರಡು ಕೊಡ ನೀರನ್ನು ಹಿತ್ತಲಿಗೆ ಒಯ್ದು ಚೆಲ್ಲಿದರು. ಅವತ್ತಿನಿಂದ ನನಗೆ ಸೆಗಣಿ ಬಳಿಯುವುದು, ದನ ಕಟ್ಟುವ ಹಕ್ಕೆಯ ಕಸ ಹೊಡೆಯುವುದು, ಮುಸುರೆ ತಿಕ್ಕುವುದು. ಅಡಿಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಮಲಗಲು ದನದ ಕೊಟ್ಟಿಗೆಯ ಪಕ್ಕದ ಕಟ್ಟೆ. ಮಗಳು ಏನೂ ತಿಳಿಯದೆ ಅಡಿಗೆಮನೆಗೆ ಓಡುತ್ತಿದ್ದಳು, ಅವಳನ್ನು ತಂದು ತಂದು ನನ್ನ ಮಡಿಲಲ್ಲಿ ಹಾಕಿಹೋಗುತ್ತಿದ್ದರು.

ತವರಿಗೆ ಹೋಗುವುದು ದೊಡ್ಡ ಮಾತಲ್ಲ ಎಂದು ಈಗಿನವರು ಅಂದುಕೊಳ್ಳಬಹುದು. ಸುಗ್ಗಿಗೆ ಹೋಗಿ ಬರುವುದು ಬೇರೆ, ಗಾಡಿ ಹೂಡಿ ಕಳಿಸಿಬಿಡುವುದು ಬೇರೆ. ಹಾಗೆ ಕಳಿಸಿದ ಹೆಣ್ಣುಮಕ್ಕಳು ಬ್ಯಾಡಗಿಯಲ್ಲಿ ನಮ್ಮ ಓಣಿಯಲ್ಲೇ ಇಬ್ಬರಿದ್ದರು. ಅಣ್ಣಂದಿರ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಮುದುಕಿಯರಾದರು. ಒಮ್ಮೆ ಆ ಗಾಡಿ ಹತ್ತಿದರೆ, ಗಂಡ ಯುದ್ಧದಿಂದ ಬಂದರೂ ಬರದಿದ್ದರೂ ಆ ಮನೆಯಲ್ಲಿ ನನಗೂ ಮಗಳಿಗೂ ಜಾಗ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಮಾಸ್ತರರು ಬಾವಿಯ ಹತ್ತಿರ ಧೋತ್ರ ಒಗೆಯುತ್ತಿದ್ದಾಗ ಹೋಗಿ ನಿಂತೆ.

'ಮಾಸ್ತರ, ಖರೇ ಹೇಳ್ರಿ. ಅದು ನಾಕ ಬೆರಳ ದೂರ ಐತೇನ?'

'ಹಾಳಿಯೊಳಗ ನಾಕ ಬೆರಳ ಐತಿ ತಂಗಿ.'

'ಹಾಳಿ ಬಿಡ್ರಿ. ನೆಲದ ಮ್ಯಾಲೆ?'

ಅವರು ಆಚೆ ಈಚೆ ನೋಡಿದರು. 'ಎರಡ ಸಾವಿರ ಮೈಲಿ ಮ್ಯಾಲೆ ಆಗತೈತಿ. ಕನ್ಯಾಕುಮಾರಿಯಿಂದ ಕಾಶ್ಮೀರತನ ಹೋದ್ರೂ ಇನ್ನೂ ಹಾದಿ ಉಳೀತೈತಿ. ಒಂದೊಂದ ನಕಾಶಿಗೆ ಒಂದೊಂದ ಅಳತಿ ಇರತೈತಿ ತಂಗಿ. ನಮ್ಮ ಜಿಲ್ಲಾದ್ದ ದೊಡ್ಡದ ಮಾಡಿ ಬರದಾರ, ಆಫ್ರಿಕಾದ್ದ ಸಣ್ಣದ ಮಾಡಿ ಬರದಾರ.'

'ಇಷ್ಟ ಗೊತ್ತಿದ್ದೂ ನಿನ್ನೆ ಬಾಯಾಗ ಏನ ಇಟಗೊಂಡಿದ್ರಿ?'

'ದುಃಖದಾಗ ಅದಾರ ನಿಮ್ಮ ಮಾವನೋರು. ಈಗ ಅವರ ಮಾತ ಕಡದ್ರ ಚಲೋ ಕಾಣಸಂಗಿಲ್ಲ.'

'ನನ್ನ ಸಂಸಾರ ಕಡದ್ರ ಚಲೋ ಕಾಣಸತೈತೇನ್ರಿ?'

'ದಿನದ ಹೊತ್ತಿಗೆ ಬೀಗರೆಲ್ಲಾ ಬರತಾರಲ್ಲ, ಆವಾಗ ಸಮಾಧಾನಲೇ ಹೇಳ್ತೇನಿ. ನೀ ಏನೂ ಚಿಂತಿ ಮಾಡಬ್ಯಾಡ.' ಧೋತ್ರ ಹಿಂಡುತ್ತಾ ಹೇಳಿದರು. ನಾನು ನಂಬಿದೆ. ಓದಿದವರು, ಮಾತು ಕೊಟ್ಟರು, ಹೇಳುತ್ತಾರೆ ಎಂದುಕೊಂಡೆ.

ವಿಮಾನದ ಮಾತನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನನ್ನ ಗಂಡ ಯುದ್ಧ ಮುಗಿದು ತಿರುಗಿ ಬಂದ ಮೇಲೆ ನಾನು ಮೊದಲು ಕೇಳಿದ್ದೇ ಅದನ್ನು. ಅವರು ನಕ್ಕರು. ಕೈರೋದಿಂದ ನೈರೋಬಿಯ ಕಡೆಗೆ ಹೋಗುವ ವಿಮಾನ ಇದ್ದದ್ದು ಹೌದಂತೆ. ಅದು ನೈಲ್ ನದಿಯನ್ನು ಹಿಡಿದು ಹೋಗುತ್ತಿತ್ತಂತೆ, ನಡುನಡುವೆ ಎಣ್ಣೆಗೆಂದು ಇಳಿಯುತ್ತಿತ್ತಂತೆ. ಕತ್ತಲಾದರೆ ಮುಂದೆ ಹೋಗದೆ ಅಲ್ಲೇ ತಂಗಿ, ಬೆಳಗಾದ ಮೇಲೆ ಮತ್ತೆ ಹಾರುವುದಂತೆ. ಹೀಗೆ ದಿನಗಟ್ಟಲೆ. ಅದರಲ್ಲಿ ಕೂರುವವರು ದೊಡ್ಡ ಸಾಹೇಬರು, ಮತ್ತೆ ಟಪಾಲಿನ ಚೀಲಗಳು. ಲಾರಿ ಓಡಿಸುವವನು ವಿಮಾನದ ನೆರಳಿನಲ್ಲಿ ನಿಂತರೂ ಬೈದು ಓಡಿಸುತ್ತಿದ್ದರಂತೆ. ನೆಲದ ಹಾದಿ ಹಿಡಿದು ಹೋಗುತ್ತೇನೆಂದರೆ ರೈಲು, ದೋಣಿ, ಲಾರಿ ಬದಲಿಸುತ್ತಾ ವಾರಗಟ್ಟಲೆ, ಅದೂ ಸೈನ್ಯದವರು ಬಿಟ್ಟರೆ. ಈಗಿನ ವಿಮಾನ ಎಲ್ಲೂ ಇಳಿಯದೆ ಐದು ತಾಸಿನಲ್ಲಿ ಮುಟ್ಟುತ್ತದೆ ಎಂದು ಹೇಳುತ್ತಾರೆ. ಈಗಿನ ವಿಮಾನಕ್ಕೂ ಎಲೆಅಡಿಕೆ ಅಗಿದು ಉಗುಳುವುದರೊಳಗೆ ಮುಟ್ಟಲು ಆಗುವುದಿಲ್ಲ.

ಇನ್ನೊಂದು ಮಾತು. ಅಣ್ಣ ಸತ್ತ ಸುದ್ದಿ ನನ್ನ ಗಂಡನಿಗೆ ಹೇಗೆ ಮುಟ್ಟಿತು ಎಂದುಕೊಂಡಿದ್ದೀರಿ? ನೈರೋಬಿಯಿಂದ ಹಾವೇರಿಗೆ ತಾರು ಬಂತು. ಹಾವೇರಿಯಿಂದ ನಾವು ಕೈರೋಕ್ಕೆ ಪತ್ರ ಹಾಕಿದೆವು. ಅದು ಸಮುದ್ರ ದಾಟಿ, ಯಾರು ಯಾರೋ ಒಡೆದು ನೋಡಿ, ಅವರ ಕೈಗೆ ಬೀಳುವ ಹೊತ್ತಿಗೆ ಇಲ್ಲಿ ಮಳೆಗಾಲ ಶುರುವಾಗಿತ್ತು. ಸತ್ತದ್ದೇ ಗೊತ್ತಿಲ್ಲದವನು ಮಣ್ಣಿಗೆ ಹೋಗಲಿಲ್ಲ ಎಂದು ಕೋಪ. ಇದನ್ನು ನಮ್ಮ ಮನೆಯಲ್ಲಿ ಒಬ್ಬರೂ ಯೋಚಿಸಲಿಲ್ಲ. ನಾನೂ ಆಗ ಯೋಚಿಸಲಿಲ್ಲ, ಆಮೇಲೆ ಮುಸುರೆ ತಿಕ್ಕುವಾಗ ಹೊಳೆಯಿತು.

ದಿನ, ಎಂದರೆ ಸತ್ತವರ ಹೆಸರಿನಲ್ಲಿ ಬಳಗಕ್ಕೆ ಊಟ ಹಾಕುವ ದಿನ, ಬಂತು. ರಾಣೇಬೆನ್ನೂರಿನಿಂದ ನೆಗೆಣ್ಣಿಯ ತಂದೆ ಮತ್ತು ಅವರ ಮಂದಿ ಬಂದರು. ಬ್ಯಾಡಗಿಯಿಂದ ನನ್ನ ಅಣ್ಣ ಬಂದ. ಮೆಣಸಿನಕಾಯಿ ಕೊಂಡು ಮಾರುವ ವ್ಯಾಪಾರ ಅವನದು, ನಮ್ಮ ಮಾವನವರ ಗಾಡಿಯಲ್ಲೇ ಚೀಲ ಸಾಗಿಸುತ್ತಿದ್ದ. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಎಲೆ ಅಡಿಕೆ ಮುಂದೆ ಇಟ್ಟುಕೊಂಡು ಕೂತಿದ್ದರು. ನಾನು ಹಿತ್ತಲ ಬಾಗಿಲಲ್ಲಿ ಪಾತ್ರೆಗಳ ರಾಶಿಯ ಮುಂದೆ ಇದ್ದೆ. ಮಾತೆಲ್ಲ ಕೇಳುತ್ತಿತ್ತು.

ನೆಗೆಣ್ಣಿಯ ತಂದೆ ಎಲೆಯ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕೆಮ್ಮಿದರು.

'ಬೀಗರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ಎರಡ ಸಲ ಬಂದ ಬ್ಯಾಡ ಅಂದಿದ್ದೆ. ಆ ಹುಡುಗನ್ನ ಹಡಗ ಹತ್ತಸೂದ ಅಷ್ಟ ಜರೂರ ಇತ್ತೇನು?'

ಅಡಿಕೆ ಕತ್ತರಿಸುವ ಸಪ್ಪಳ ನಿಂತಿತು.

ಮಾವನವರು ಎದ್ದು ಹೋಗಿ ನಕಾಶೆ ತಂದರು, ಪುಸ್ತಕ ತಂದರು. ಎಲ್ಲರ ಮುಂದೆ ಬಿಚ್ಚಿ ಗೇಣು ಹಾಕಿದರು, ನಾಲ್ಕು ಬೆರಳು ಇಟ್ಟರು. 'ಕಳಿಸಿದ್ದ ತಪ್ಪಲ್ಲ ಬೀಗರ. ಅಲ್ಲೇ ಮಗ್ಗಲದಾಗ ಇದ್ದ ತಮ್ಮ ತಿರುಗಿ ನೋಡಲಿಲ್ಲ. ಅದು ತಪ್ಪು. ನೋಡಿಕೊಂಡಿದ್ರ ಹುಡುಗ ಉಳೀತಿದ್ದ. ನೀವ ಬೆರಳ ಇಟ್ಟ ನೋಡ್ರಿ.'

ಬಂದವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಒಬ್ಬರು ತಮ್ಮ ಬೆರಳನ್ನೂ ಇಟ್ಟು ನೋಡಿದರು. 'ಅಯ್ಯ, ಖರೇನ ನಾಕ ಬೆರಳ' ಎಂದರು. ಲೊಚಗುಟ್ಟಿದರು. ನನ್ನ ಸ್ವಂತ ಅಣ್ಣ, ನನ್ನನ್ನು ಎತ್ತಿ ಆಡಿಸಿದವನು, ತಲೆ ತಗ್ಗಿಸಿಕೊಂಡು ಅಂದ, 'ಇಷ್ಟ ಸಮೀಪ ಇದ್ದಂವ ಹೋಗಬೇಕಾಗಿತ್ತ ಬಿಡ್ರಿ. ತಪ್ಪಾಗೈತಿ.'

ಮಾಸ್ತರರು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕಾದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುತ್ತಲೇ ಇದ್ದರು. ಒಂದು ಎಲೆಗೆ ಅಷ್ಟು ಸುಣ್ಣ ಹಚ್ಚಿದರೆ ಬಾಯಿ ಬೆಂದುಹೋಗುತ್ತದೆ.

ಕೈ ಸೆರಗಿಗೆ ಒರೆಸಿಕೊಂಡೆ, ಮಗಳನ್ನು ಸೊಂಟಕ್ಕೆ ಎತ್ತಿಕೊಂಡೆ, ಪಡಸಾಲೆಗೆ ಹೋದೆ. ಗಂಡಸರು ಕೂತ ಪಡಸಾಲೆಗೆ ಸೊಸೆ ಬರುವ ವಾಡಿಕೆ ಇರಲಿಲ್ಲ. ನೆಲದ ಮೇಲಿದ್ದ ಪುಸ್ತಕ ತೆಗೆದುಕೊಂಡು ಹಿಂದೂಸ್ಥಾನದ ಪುಟ ಹುಡುಕಿದೆ. ದೊಡ್ಡ ಅಕ್ಷರ ನನಗೆ ಓದಲು ಬರುತ್ತಿತ್ತು. ಹಾವೇರಿ ಅದರಲ್ಲಿ ಇರಲೇ ಇಲ್ಲ. ಧಾರವಾಡ ಇತ್ತು.

'ಮಾವಾರ, ಇದು ಧಾರವಾಡ. ಇದು ಮುಂಬಯಿ. ನಡುವ ನನ್ನ ಒಂದ ಬೆರಳ ಹಿಡೀತೈತಿ, ನೋಡ್ರಿ.'

ನೆಲದ ಮೇಲಿನ ನಕಾಶೆಯ ಕಡೆ ತಿರುಗಿದೆ.

'ಈ ಜಿಲ್ಲಾದ ನಕಾಶ್ಯಾಗ ಹಾವೇರಿಯಿಂದ ಮೋಟೆಬೆನ್ನೂರಿಗೆ ನಾಕೈದ ಬೆರಳ ಐತಿ. ನಿಮ್ಮ ಲೆಕ್ಕದಾಗ ಮುಂಬಯಿ ಮೋಟೆಬೆನ್ನೂರಿಗಿಂತ ಈಚೆ ಆತಲ್ರಿ. ಭಾವಾರನ್ನ ಹಡಗ ಹತ್ತಸಾಕ ನೀವ ಮುಂಬಯಿಗೆ ಹೋದ್ರಲ್ಲ, ರೈಲಿನಾಗ ರಾತ್ರಿ ಹಗಲ ಕುಂತ ಏನ ಮಾಡಿದ್ರಿ? ಮೋಟೆಬೆನ್ನೂರಿಗೆ ಹೋಗಾಕ ಅಷ್ಟ ಹೊತ್ತ ಬೇಕೇನ್ರಿ?'

ಹಿಂದೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ನೆಗೆಣ್ಣಿಯ ತಂದೆ ಪುಸ್ತಕದ ಕಡೆ ನೋಡಿದರು, ನಕಾಶೆಯ ಕಡೆ ನೋಡಿದರು. ಅಂಗಡಿ ನಡೆಸುವ ಮನುಷ್ಯ, ಅಳತೆ ಎಂದರೆ ಏನೆಂದು ಗೊತ್ತಿದ್ದವರು. ಅವರಿಗೆ ತಿಳಿಯಿತು. ತಿಳಿದದ್ದು ಮುಖದ ಮೇಲೆ ಕಂಡಿತು. ಆದರೆ ಅವರ ಮಗಳು ಇನ್ನು ಮುಂದೆ ಇದೇ ಮನೆಯ ಅನ್ನ ತಿನ್ನಬೇಕಾಗಿತ್ತು. ಅವರು ರುಮಾಲು ಸರಿಮಾಡಿಕೊಂಡು ಗೋಡೆ ನೋಡಿದರು.

'ಮಾಸ್ತರ, ನೀವಾದ್ರೂ ಹೇಳ್ರಿ' ಎಂದೆ. 'ಬಾವಿ ಹತ್ತರ ನನಗ ಹೇಳಿದ್ದನ್ನ ಇಲ್ಲಿ ಹೇಳ್ರಿ.'

'ಹಿರಿಯಾರ ಮುಂದ ನಾ ಏನ ಹೇಳ್ಲಿ ತಂಗಿ' ಎಂದು ಮಾಸ್ತರರು ಎಲೆ ಬಾಯಿಗಿಟ್ಟುಕೊಂಡರು.

ಮಾವನವರು ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡರು. ದನಿ ಏರಿಸಲಿಲ್ಲ. 'ನೋಡ್ರಿ, ಮಂದಿ ಕುಂತಲ್ಲಿ ಬಂದು ಸೊಸಿ ನಮಗ ಹಾದಿ ಹೇಳತಾಳ. ಇದನ್ನ ಬ್ಯಾಡಗ್ಯಾಗ ಕಲಿಸಿ ಕಳಿಸಿದ್ರೇನ?'

ನನ್ನ ಅಣ್ಣನ ಮುಖ ಕೆಂಪಾಯಿತು. 'ಒಳಗ ನಡಿ. ನಡಿ ಅಂದ್ರ ನಡಿ!' ಎಂದು ನನ್ನ ಮೇಲೆ ಹಾಯ್ದ.

ಅಷ್ಟೇ. ಆಮೇಲೆ ಯಾರೂ ಮುಂಬಯಿಯ ಮಾತೆತ್ತಲಿಲ್ಲ, ನೈರೋಬಿಯ ಮಾತೂ ಎತ್ತಲಿಲ್ಲ. ಎಲ್ಲರಿಗೂ ಸುಲಭದ ಮಾತು ಸಿಕ್ಕಿತ್ತು. ಸೆರಗು ಸರಿಯಿರಲಿಲ್ಲ, ಕೈ ಮುಸುರೆಯಾಗಿತ್ತು, ಹಿರಿಯರ ಕೈಯ ಪುಸ್ತಕ ಮುಟ್ಟಿದಳು. ಸತ್ತ ಒಬ್ಬ ಮನುಷ್ಯನ ದಿನಕ್ಕೆ ಬಂದವರು ನನ್ನ ಸೆರಗಿನ ಬಗ್ಗೆ ಅರ್ಧ ತಾಸು ಮಾತಾಡಿದರು. ಕೊನೆಗೆ ಮಾವನವರು ಅಣ್ಣನಿಗೆ ಹೇಳಿದರು. 'ನಾಳೆ ಮುಂಜಾನೆ ಗಾಡಿ ಹೂಡಸ್ತೇನಿ. ನಿಮ್ಮ ತಂಗೀನ್ನ ಕರಕೊಂಡ ಹೋಗ್ರಿ.' ಅಣ್ಣ ಕೈ ಮುಗಿದ. ಅವನ ಚೀಲಗಳು ಆ ಗಾಡಿಗಳಲ್ಲೇ ಹೋಗಬೇಕಾಗಿತ್ತಲ್ಲ.

ಹೊತ್ತು ಮುಳುಗುವ ಹೊತ್ತಿಗೆ ನೆಗೆಣ್ಣಿ ಹಿತ್ತಲಿಗೆ ಬಂದಳು. ಬರಿಗೈ, ಬರಿ ಹಣೆ. ಅವಳು ನನಗಿಂತ ಹಿರಿಯಳು, ಅಕ್ಕಾ ಎಂದೇ ಕರೆಯುತ್ತಿದ್ದೆ. ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತಳು.

'ಒಂದ ತಂಬಿಗಿ ನೀರ ಕೊಡ.'

'ನನ್ನ ಕೈನೀರ ನಡ್ಯಂಗಿಲ್ಲಲ್ಲ ಅಕ್ಕಾ.'

'ಮುಂಜಾನಿಂದ ಯಾರೂ ಕೊಟ್ಟಿಲ್ಲ. ಕೊಡ.'

ಕೊಟ್ಟೆ. ಎತ್ತಿ ಗಟಗಟ ಕುಡಿದಳು, ಇನ್ನೊಂದು ತಂಬಿಗೆ ಕೇಳಿದಳು. ಇದನ್ನು ಕತೆ ಮಾಡಿ ಹೇಳುವವರು ಅವಳಿಗೆ ನನ್ನ ಮೇಲೆ ಮರುಕ ಬಂತು ಎನ್ನಬಹುದು. ಅವಳಿಗೆ ಬಾಯಾರಿತ್ತು. ಮನೆ ತುಂಬ ಬೀಗರಿಗೆ ಬಡಿಸುವ ಗಡಿಬಿಡಿಯಲ್ಲಿ ಗಂಡ ಸತ್ತವಳಿಗೆ ನೀರು ಕೊಡಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

ತಂಬಿಗೆ ಕೆಳಗಿಟ್ಟು ಅಂದಳು, 'ನಿನ್ನ ಗಂಡ ಹೋಗಿದ್ರ ಮಣ್ಣ ಹಾಕತಿದ್ದ. ನಮ್ಮೋರು ಎದ್ದ ಕುಂದರತಿದ್ರೇನ? ಕಳಿಸಬ್ಯಾಡ್ರಿ ಅಂತ ಅವತ್ತ ನಾ ಕಾಲ ಹಿಡಕೊಂಡ ಅತ್ತೆ. ಆವಾಗ ಒಬ್ಬರೂ ನಕಾಶಿ ತಗದ ನೋಡಲಿಲ್ಲ.'

'ಇದನ್ನ ಪಡಸಾಲ್ಯಾಗ ಹೇಳಬೇಕಿತ್ತ ಅಕ್ಕಾ.'

'ನೀ ಹೇಳಿದೆಲ್ಲ. ಏನಾತ?'

ಅವಳು ಎದ್ದಳು. ಸೀರೆ ಕೊಡವಿಕೊಂಡು, ಹಿತ್ತಲ ಕೊನೆಗೆ ಮಾಸ್ತರರಿದ್ದ ನಮ್ಮ ಕೋಣೆಯ ಕಡೆ ಗದ್ದದಿಂದ ತೋರಿಸಿ ಅಂದಳು, 'ಗಾಡಿ ಹತ್ತಿದ್ರ ಹೋತು. ಒಂದ ಸಲ ಈ ಮನಿ ಬಿಟ್ಟ ಹೊಂಟೋರನ್ನ ಇವರು ತಿರುಗಿ ಕರ್ಯಂಗಿಲ್ಲ. ನಮ್ಮೋರನ್ನ ಕರದ್ರೇನ?' ಆಮೇಲೆ ಒಳಗೆ ಹೋದಳು.

ಮರುದಿನ ಮುಂಜಾನೆ ಬಾಗಿಲ ಮುಂದೆ ಗಾಡಿ ಹೂಡಿ ನಿಲ್ಲಿಸಿದ್ದರು. ಅಣ್ಣ ಗಾಡಿಯಲ್ಲಿ ಕೂತು, 'ಲಗೂ ಬಾ, ಬಿಸಿಲ ಏರತೈತಿ' ಎಂದು ಕೂಗುತ್ತಿದ್ದ. ನಾನು ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಮಾಸ್ತರರು ಶಾಲೆಗೆ ಹೋಗಲು ಕೋಟು ಹಾಕಿಕೊಳ್ಳುತ್ತಿದ್ದರು. ಅವರ ಹಾಸಿಗೆ ಸುತ್ತಿ ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಟ್ರಂಕು ಭಾರವಾಗಿತ್ತು. ಎಳೆದುಕೊಂಡೇ ಹೊಸ್ತಿಲು ದಾಟಿಸಿದೆ.

'ಏನಿದು ತಂಗಿ? ಏನ ಮಾಡಾಕತ್ತೀದಿ?'

'ಶಾಲಿ ಖಾಲಿ ಇರತೈತ್ರಿ ರಾತ್ರಿ. ಅಲ್ಲಿ ಮಲಕೋರಿ.'

'ನಿಮ್ಮ ಮಾವನೋರನ್ನ ಕೇಳೀ?'

'ಕಟ್ಟಿದವರ ಹೇಣ್ತಿ ನಾನು. ಇನ್ಯಾರನ್ನ ಕೇಳ್ಬೇಕ್ರಿ?'

ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಲಾಂದ್ರ, ಚರಿಗೆ, ಸುಣ್ಣದ ಡಬ್ಬಿ ತಂದು ಟ್ರಂಕಿನ ಮೇಲೆ ಇಟ್ಟೆ. ಮುಂದಿನ ಬಾಗಿಲಿನಿಂದ ಮಾವನವರ ದನಿ ಕೇಳಿತು, ಅಣ್ಣನ ದನಿ ಕೇಳಿತು. ನಾನು ಕೋಣೆಯ ಕಸ ಹೊಡೆದೆ, ಸೆಗಣಿ ಕಲಸಿ ನೆಲ ಸಾರಿಸಿದೆ, ಆರುವವರೆಗೆ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೊಸ್ತಿಲಿಗೆ ಅಡ್ಡವಾಗಿ ಕೂತೆ. ಗಾಡಿಯ ಗೆಜ್ಜೆ ಬ್ಯಾಡಗಿಯ ದಾರಿಯ ಕಡೆ ಹೋದದ್ದು ಕೇಳಿತು. ಎದ್ದು, ಮೂಲೆಯಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿ, ಮಗಳಿಗೆ ಜೋಳದ ನುಚ್ಚು ಕುದಿಯಲು ಇಟ್ಟೆ.